ಎತ್ತಿ ಹೊಯ್ಯದ ವೈನ್

ಒಳ್ಳೆಯ ವೈನ್ ಒಂದನ್ನು ನಾನು ಕೆಟ್ಟದ್ದೆಂದು ಹೇಳಿದೆ. ಗೊತ್ತಿದ್ದೂ ಹೇಳಿದೆ. ಅದನ್ನು ತಂದಿದ್ದ ಮನುಷ್ಯ ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದಾಗ, ಅವನಿಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಇದಾಗಿ ಐವತ್ತು ವರ್ಷದ ಹತ್ತಿರ ಬಂತು. ಕಳ್ಳತನ ಮಾಡಿದವನು ಜೈಲಿಗೆ ಹೋಗಿ ಶಿಕ್ಷೆ ಮುಗಿಸಿ ಹೊರಗೆ ಬರುತ್ತಾನೆ. ನಾನು ಮಾಡಿದ್ದನ್ನು ವಿಚಾರಿಸುವ ಕೋರ್ಟು ಯಾವುದೂ ಇಲ್ಲ. ಹಾಗಾಗಿ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆ ಕೋಣೆಯಲ್ಲಿ ನಕ್ಕವರ ಮೇಲೆ ಸ್ವಲ್ಪ, ಉಳಿದದ್ದೆಲ್ಲ ನನ್ನ ಮೇಲೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಉಡುಪಿಯ ಕಡೆಯವನು. ಪಾಸಾದ ವರ್ಷವೇ ಹುಬ್ಬಳ್ಳಿಯಲ್ಲಿದ್ದ ನಮ್ಮವರ ಹೋಟೆಲಿಗೆ ಸೇರಿ ಮೊದಲು ಟೇಬಲ್ ಒರೆಸಿದೆ, ಆಮೇಲೆ ಏಳು ವರ್ಷ ಕಾಫಿ ಕೌಂಟರಿನಲ್ಲಿ ನಿಂತೆ. ಬಲಗೈಯ ಲೋಟವನ್ನು ತಲೆಯ ಮೇಲಕ್ಕೆತ್ತಿ ಸೊಂಟದ ಹತ್ತಿರವಿದ್ದ ಎಡಗೈಯ ಬಟ್ಟಲಿಗೆ ಹೊಯ್ದರೆ ಒಂದು ಹನಿ ಆಚೆ ಬೀಳುತ್ತಿರಲಿಲ್ಲ. ಕಾಫಿ ಬೇಡದವರೂ ನಿಂತು ನೋಡುತ್ತಿದ್ದರು. ಹಾಗೆ ನಿಂತು ನೋಡುತ್ತಿದ್ದವರಲ್ಲಿ ಆಸ್ಪತ್ರೆಯಲ್ಲಿ ನರ್ಸ್ ತರಬೇತಿ ಪಡೆಯುತ್ತಿದ್ದ ಧಾರವಾಡದ ಹುಡುಗಿಯೊಬ್ಬಳಿದ್ದಳು. ಎರಡೂ ಮನೆಯವರು ಬೇಡವೆಂದರೂ ಮದುವೆಯಾದೆವು. ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದವರಿಗೆ ನರ್ಸುಗಳು ಬೇಕಾದಾಗ ಅವಳಿಗೆ ಜರ್ಸಿ ಸಿಟಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಮರುವರ್ಷ ನಾನು ಅವಳ ಹಿಂದೆ ಬಂದೆ.

ಆಗ ಇಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು. ಎಲ್ಲರೂ ಡಾಕ್ಟರುಗಳು, ಎಂಜಿನಿಯರುಗಳು, ಇಲ್ಲವೆ ಪಿಎಚ್‌ಡಿ ಮಾಡುತ್ತಿದ್ದವರು. ಕೈ ಕುಲುಕಿದ ಮೇಲೆ ಕೇಳುತ್ತಿದ್ದ ಮೊದಲ ಪ್ರಶ್ನೆ ‘ಊರು ಯಾವುದು’ ಎಂದಲ್ಲ, ‘ಎಲ್ಲಿ ಓದಿದ್ದು’ ಎಂದು. ಹತ್ತಿರದ ಎಡಿಸನ್ ಪಟ್ಟಣದ ಎಂಜಿನಿಯರ್ ಒಬ್ಬರ ಮನೆಯಲ್ಲಿ ಯುಗಾದಿಯ ಊಟಕ್ಕೆ ಹೋಗಿದ್ದಾಗ ಅವರು ನನ್ನನ್ನು ಕೇಳಿದರು:

"ನೀವು ಎಲ್ಲಿ ಓದಿದ್ದು?"

"ಹುಬ್ಬಳ್ಳಿಯಲ್ಲಿ, ಬಿ.ಕಾಂ.," ಎಂದೆ.

"ಓಹೋ. ಆಮೇಲೆ?"

"ಹೋಟೆಲ್ ಮ್ಯಾನೇಜ್‌ಮೆಂಟ್‌ನಲ್ಲಿದ್ದೆ."

ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಅಲ್ಲಿ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ, "ಬಿಕಾಂ ಸಾಹೇಬ್ರ, ಟಿಕೀಟಿನ ಚಿಲ್ಲರ ಎಣಿಸಿ ತಗೋರಿ," ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ನನಗೆ ಕೆಲಸ ಸಿಕ್ಕಿದ್ದು ಜರ್ಸಿ ಸಿಟಿಯದೇ ಒಂದು ಮದ್ಯದಂಗಡಿಯಲ್ಲಿ. ಮಾಲೀಕ ಇಟಲಿಯಿಂದ ಬಂದವರ ಮಗ. ಒರಟು ಬಾಯಿ, ನೆಟ್ಟಗಿನ ಮನುಷ್ಯ. ಅವನಿಗೆ ಇನ್ನೂ ಎರಡು ಅಂಗಡಿಗಳಿದ್ದವು. ವಾರದ ದಿನಗಳಲ್ಲಿ ಹಡಗುಕಟ್ಟೆಯವರು, ರೈಲ್ವೆಯವರು, ಗ್ಯಾಲನ್ ಬಾಟಲಿಯಲ್ಲಿ ಕೆಂಪು ವೈನ್ ಒಯ್ಯುವ ಇಟಾಲಿಯನ್ ಅಜ್ಜಿಯರು ಬರುತ್ತಿದ್ದರು. ಶನಿವಾರ ನಮ್ಮ ದೇಶದ ಡಾಕ್ಟರುಗಳು ಬಂದು ಸ್ಕಾಚ್ ಒಯ್ಯುತ್ತಿದ್ದರು. ನಾನು ಮೊದಲು ಪೆಟ್ಟಿಗೆ ಹೊತ್ತೆ. ಬಾಟಲಿಯ ಚೀಟಿಗಳನ್ನು ಓದಿ ಓದಿ ಯಾವುದು ಯಾವ ದೇಶದ್ದು, ಯಾವುದು ಯಾವ ಊಟಕ್ಕೆ ಎಂದು ಕಲಿತೆ. ನಾಲ್ಕು ವರ್ಷದಲ್ಲಿ ವೈನಿನ ಕಪಾಟುಗಳೆಲ್ಲ ನನ್ನ ಕೈಗೆ ಬಂದವು. ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ನಮ್ಮವರ ನಡುವೆ ನಾನು ‘ವೈನ್ ಎಕ್ಸ್‌ಪರ್ಟ್’. ಆ ಹೆಸರು ನನಗೆ ತುಂಬ ರುಚಿಸಿತ್ತು.

ಆಗ ಬಂದವನು ಆ ಅರ್ಜೆಂಟೀನಾದ ಮನುಷ್ಯ. ಐವತ್ತು ದಾಟಿದವನು, ಕುಳ್ಳಗೆ, ಬಿಸಿಲಿಗೆ ಸುಟ್ಟ ಮುಖ. ಪಕ್ಕದ ಊರು ಯೂನಿಯನ್ ಸಿಟಿಯಲ್ಲಿ ಮನೆ. ಹಳೆಯ ಸ್ಟೇಷನ್ ವ್ಯಾಗನ್ನಿನ ಹಿಂದೆ ಆರು ಪೆಟ್ಟಿಗೆ ವೈನ್ ಇಟ್ಟುಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದ. ಫ್ರಾನ್ಸಿನದ್ದಲ್ಲದ, ಇಟಲಿಯದ್ದಲ್ಲದ ವೈನನ್ನು ಆಗ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ಅವನ ತಮ್ಮನ ತೋಟದ್ದು. ಆ ತೋಟ ಎಲ್ಲಿದೆ ಎನ್ನುವುದನ್ನು ಅವನು ರಟ್ಟಿನ ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದ. ಕೆಳಗೆ ಒಂದು ಗೆರೆ ಎಳೆದು ಸಮುದ್ರ ಎಂದ. ಪೆಟ್ಟಿಗೆಯ ಮೇಲಂಚಿನಲ್ಲಿ ಒಂದು ಚುಕ್ಕೆ ಇಟ್ಟು ನಮ್ಮ ಬಳ್ಳಿ ಎಂದ. ನಡುವೆ ಮೋಡ ಬರೆದ.

"ಮೋಡ ನಮಗಿಂತ ಕೆಳಗೆ," ಎಂದ. "ಹಗಲಿಡೀ ಬಿಸಿಲು ಹೊಡೆಯುತ್ತೆ. ಹೊತ್ತು ಮುಳುಗಿದರೆ ಚಳಿ ಹೊಡೆಯುತ್ತೆ. ಹೊಡೆತ ತಿಂದೂ ತಿಂದೂ ದ್ರಾಕ್ಷಿಯ ಸಿಪ್ಪೆ ನನ್ನ ಕೈ ಹಾಗೆ ಆಗುತ್ತೆ." ಕೈ ಚಾಚಿ ತೋರಿಸಿದ. ಎಮ್ಮೆಯ ಚರ್ಮದಂತಿತ್ತು.

ಬಾಟಲಿಗೆ ಎರಡು ಡಾಲರ್. ಪಕ್ಕದ ಕಪಾಟಿನಲ್ಲಿ ಆರು ಡಾಲರಿನ ಫ್ರೆಂಚ್ ವೈನುಗಳಿದ್ದವು. ಬಣ್ಣ ನೋಡಿದರೆ ಅವು ಇದರ ಮುಂದೆ ತೊಳೆದ ನೀರು. ಇದು ಕಪ್ಪಿಗೆ ತಿರುಗಿದ ಕೆಂಪು, ಬೆಳಕಿಗೆ ಹಿಡಿದರೆ ನೇರಳೆ. ಆದರೆ ಬಾಟಲಿ ತೆರೆದ ಕೂಡಲೇ ಕುಡಿದರೆ ಒಗರು. ನಮ್ಮ ಕಡೆ ಎಳೆ ಗೇರುಹಣ್ಣು ಕಚ್ಚಿದರೆ ಗಂಟಲು ಹಿಡಿಯುತ್ತದಲ್ಲ, ಅಂಥ ಒಗರು. ಮಾಲೀಕ ಒಂದು ಗುಟುಕು ಕುಡಿದು, "ಇದನ್ನು ನನ್ನ ಬೂಟಿಗೆ ಹಚ್ಚು," ಎಂದ. ಆದರೂ ಬಣ್ಣ ಮತ್ತು ಬೆಲೆ ನೋಡಿ ಎರಡು ಪೆಟ್ಟಿಗೆ ಇಟ್ಟುಕೊಂಡ. ಅವು ಮಾರಾಟವಾಗದೆ ಕೂತವು.

ವಿಚಾರಿಸಲು ಅವನು ವಾರಕ್ಕೊಮ್ಮೆ ಬರುತ್ತಿದ್ದ. ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಊಟ ಮುಗಿಸಿ, ಲೋಟ ತುಟಿಗೆ ತಾಗಿಸದೆ ಮೇಲಕ್ಕೆತ್ತಿ ನೀರು ಕುಡಿಯುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ನೋಡಿದ.

"ಅಮಿಗೋ, ಆ ಲೋಟ ನಿನ್ನನ್ನು ಕಚ್ಚುತ್ತಾ?"

ಎಂಜಲು ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ, "ಬಾಯಿ ತಾಗಿಸಿದರೆ ನಮ್ಮಮ್ಮ ಬೈಯುತ್ತಾಳೆ," ಎಂದೆ.

"ಅಮ್ಮ ಎಲ್ಲಿದ್ದಾಳೆ?"

"ಇಂಡಿಯಾದಲ್ಲಿ."

"ಅಲ್ಲಿಂದ ಕಾಣುತ್ತಾ?"

ಇಬ್ಬರೂ ನಕ್ಕೆವು. ಅವನನ್ನು ಕೂರಿಸಿ ಕಾಫಿ ಮಾಡಿದೆ. ಅಂಗಡಿಯಲ್ಲಿ ನಮ್ಮವರು ಯಾರೂ ಇಲ್ಲದಾಗ ಮಾತ್ರ ನಾನು ಆ ಸ್ಟೀಲ್ ಲೋಟ ಬಟ್ಟಲು ಹೊರಗೆ ತೆಗೆಯುತ್ತಿದ್ದೆ. ಅಭ್ಯಾಸದ ಕೈ, ಎತ್ತಿ ಹೊಯ್ದೆ. ಅವನ ಕಣ್ಣು ಲೋಟದ ಜೊತೆ ಮೇಲೆ ಹೋಗಿ ಕೆಳಗೆ ಬಂತು. ಕಾಫಿ ಕುಡಿದವನೇ ಚೀಲದಿಂದ ತನ್ನ ವೈನಿನ ಬಾಟಲಿ ತೆಗೆದು ಮುಂದಿಟ್ಟ.

"ಇದಕ್ಕೂ ಹಾಗೇ ಮಾಡು."

"ಹುಚ್ಚಾ?"

"ಮಾಡು ಮಾರಾಯ. ಬೂಟಿಗೆ ಹಚ್ಚುವುದಕ್ಕಿಂತ ಅದೇ ಮೇಲು."

ಎಂಟು ಹತ್ತು ಸಲ ಹೊಯ್ದೆ. ಕುಂಕುಮ ಕದಡಿದಂತೆ ಆ ಬಣ್ಣ ಗಾಳಿಯಲ್ಲಿ ಉದ್ದಕ್ಕೆ ಇಳಿಯಿತು, ಮೇಲೆ ನೊರೆ ಕಟ್ಟಿತು. ಮೊದಲು ಅವನು ಕುಡಿದ. ಲೋಟವನ್ನು ನನಗೆ ಕೊಟ್ಟು ತಾನು ಆಚೆ ತಿರುಗಿ ನಿಂತ. ನಾನು ಎತ್ತಿ ಬಾಯಿಗೆ ಬಿಟ್ಟುಕೊಂಡೆ. ಒಗರು ಹೋಗಿತ್ತು. ಇದ್ದಿದ್ದು ನೇರಳೆ ಹಣ್ಣು, ಅದರ ಹಿಂದೆ ಕರಿಮೆಣಸಿನ ಸಣ್ಣ ಖಾರ, ಕೊನೆಗೆ ಗಂಟಲಲ್ಲಿ ತಂಪು. ಆರು ಡಾಲರಿನ ಯಾವ ಬಾಟಲಿಯಲ್ಲೂ ನಾನು ಅಂಥ ರುಚಿ ಕಂಡಿರಲಿಲ್ಲ. ಅವನು ಮುಖ ಒರೆಸಿಕೊಳ್ಳುತ್ತಿದ್ದ. ಮನೆಯಲ್ಲಿ ಎಲ್ಲರೂ ಕೂತು ಕುಡಿಯುವಾಗ ಬೆಳಿಗ್ಗೆ ಮಡಕೆಗೆ ಸುರಿದಿಟ್ಟು ಸಂಜೆ ಕುಡಿಯುತ್ತಾರೆ, ಅದು ಇದೇ ರುಚಿ, ಇಲ್ಲಿ ಯಾರಿಗೆ ಅಷ್ಟು ತಾಳ್ಮೆ ಇದೆ, ನೀನು ಒಂದು ನಿಮಿಷದಲ್ಲಿ ಮಾಡಿದೆ ಎಂದ.

ಮಾಲೀಕನಿಗೂ ಹಾಗೇ ಮಾಡಿ ಕೊಟ್ಟೆ. ಅವನು ಎರಡನೆಯ ಸಲ ಲೋಟ ಚಾಚಿದ.

"ಸರಿ. ಬಾಟಲಿ ಕೊಂಡವರ ಮನೆಗೆಲ್ಲ ನಿನ್ನನ್ನು ಕಟ್ಟಿ ಕಳಿಸಲಾ?" ಎಂದ ಆಮೇಲೆ.

"ಎರಡು ಜಗ್ಗಿನಲ್ಲಿ ಹತ್ತು ಸಲ ಹೊಯ್ಯಿರಿ ಅಂತ ಒಂದು ಚೀಟಿ ಅಂಟಿಸಿದರೆ ಸಾಕು," ಎಂದೆ.

"ಚೀಟಿ ಓದಿ ಯಾರೂ ನಂಬುವುದಿಲ್ಲ. ಕಣ್ಣಿಂದ ನೋಡಬೇಕು." ಅವನು ತಲೆ ಕೆರೆದುಕೊಂಡ. "ಲಾಂಗ್ ಐಲೆಂಡಿನ ಜೆರಿಕೋದಲ್ಲಿರುವ ನಿಮ್ಮ ಡಾಕ್ಟರ್ ಪ್ರತಿ ಅಕ್ಟೋಬರ್ ದೊಡ್ಡ ಪಾರ್ಟಿ ಮಾಡುತ್ತಾನಲ್ಲ. ಅವನು ಏನು ಕೊಳ್ಳುತ್ತಾನೋ ಅವನ ಆಸ್ಪತ್ರೆಯವರೆಲ್ಲ ಅದನ್ನೇ ಕೊಳ್ಳುತ್ತಾರೆ. ಅಲ್ಲಿ ಹೋಗಿ ಹೊಯ್ದು ತೋರಿಸು. ಡಾಕ್ಟರ್ ಹೂಂ ಅಂದರೆ ಮೂರು ಅಂಗಡಿಗೂ ತಗೊಳ್ಳುತ್ತೇನೆ, ಅವತ್ತಿನಿಂದಲೇ."

ಆ ಗಳಿಗೆಯ ಉತ್ಸಾಹದಲ್ಲಿ ನಾನೂ ಹೂಂ ಎಂದೆ. ಅರ್ಜೆಂಟೀನಾದವನು ಮಾಲೀಕನ ಎರಡೂ ಕೈ ಹಿಡಿದುಕೊಂಡ. ಅಂದು ಹೊರಗೆ ವ್ಯಾಗನ್ನಿನ ಹತ್ತಿರ ನಿಂತು ನನಗೆ ತಮ್ಮನ ಕಾಗದದ ವಿಷಯ ಹೇಳಿದ. ಆ ಕಣಿವೆಯಲ್ಲಿ ಉಳಿದವರೆಲ್ಲ ದ್ರಾಕ್ಷಿ ಕಿತ್ತು ಕೆಂಪು ಮೆಣಸಿನಕಾಯಿ ಹಾಕಿದ್ದಾರೆ. ಮೆಣಸಿನಕಾಯಿ ಕೊಳ್ಳುವವರು ಬಾಗಿಲಿಗೇ ಬರುತ್ತಾರೆ. ಬಳ್ಳಿಗಳು ಇವರ ಅಜ್ಜ ನೆಟ್ಟವು. ಬರುವ ಏಪ್ರಿಲ್ ಕೊಯ್ಲಿನೊಳಗೆ ಅಮೆರಿಕದಲ್ಲಿ ಒಬ್ಬ ಖಾಯಂ ಗಿರಾಕಿ ಸಿಕ್ಕದಿದ್ದರೆ ತಮ್ಮನೂ ಕೀಳುತ್ತಾನೆ. "ಅವನ ತಪ್ಪಲ್ಲ," ಎಂದ. "ನಾನು ಮಾರಿಕೊಡುತ್ತೇನೆ ಅಂತ ಬಂದವನು." ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಯಾರಿಗೂ ಹೇಳುವಂತಿಲ್ಲ.

ಜೆರಿಕೋದ ಡಾಕ್ಟರ್ ಮೈಸೂರಿನವರು. ನನ್ನ ಹೆಂಡತಿಯ ಆಸ್ಪತ್ರೆಯಲ್ಲೇ ಕೆಲಸ, ಆದರೆ ಮನೆ ಕಟ್ಟಿಸಿದ್ದು ಅಷ್ಟು ದೂರದ ಲಾಂಗ್ ಐಲೆಂಡಿನಲ್ಲಿ. ಕೆಟ್ಟವರಲ್ಲ. ಭಾನುವಾರ ಮಧ್ಯಾಹ್ನ ನಾವಿಬ್ಬರೂ ವ್ಯಾಗನ್ನಿನಲ್ಲಿ ಹೋದಾಗ ಬೇಸ್‌ಮೆಂಟಿನಲ್ಲಿ ಇಪ್ಪತ್ತು ಮೂವತ್ತು ಜನ. ಅರ್ಧ ನಮ್ಮವರು, ಅರ್ಧ ಆಸ್ಪತ್ರೆಯ ಅಮೆರಿಕನ್ನರು. ಎಡಿಸನ್ನಿನ ಎಂಜಿನಿಯರೂ ಇದ್ದರು. ಡಾಕ್ಟರ್ ನನ್ನ ಹೆಗಲ ಮೇಲೆ ಕೈಹಾಕಿ ಒಬ್ಬ ಬಿಳಿಕೂದಲಿನ ಸರ್ಜನ್ನಿಗೆ ಪರಿಚಯ ಮಾಡಿಸಿದರು: "ಮೀಟ್ ಅವರ್ ವೈನ್ ಮ್ಯಾನ್. ಕಾಮರ್ಸ್ ಗ್ರ್ಯಾಜುಯೇಟ್, ಹೋಟೆಲ್ ಮ್ಯಾನೇಜ್‌ಮೆಂಟ್ ಬ್ಯಾಕ್‌ಗ್ರೌಂಡ್."

ನಾನು ಹಲ್ಲು ಕಿರಿದೆ. ಅರ್ಜೆಂಟೀನಾದವನು ಮೇಜಿನ ಮೇಲೆ ಬಾಟಲಿಗಳನ್ನು ಜೋಡಿಸುತ್ತಿದ್ದ. ಆ ದಿನಕ್ಕೆಂದು ಟೈ ಕಟ್ಟಿಕೊಂಡು ಬಂದಿದ್ದ.

ಅಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಎಂಜಿನಿಯರ್ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿ ಬಂದ ಕತೆ ಹೇಳುತ್ತಿದ್ದರು. ಒಳ್ಳೆಯ ಮಾತುಗಾರ. ಎದ್ದು ನಿಂತು ಕೈ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು.

"ಮಾಣಿ ಬಂದು ಒಂದೇ ಉಸಿರಲ್ಲಿ, ‘ಇಡ್ಲಿ ವಡೆ ದೋಸೆ ಪೂರಿ ಉಪ್ಪಿಟ್ಟು!’ ಅಂದ. ನಾನು, ‘ಉಪ್ಪಿಟ್ಟು ಕೊಡಪ್ಪಾ’ ಅಂದೆ. ‘ಉಪ್ಪಿಟ್ಟು ಖಾಲಿ ಸಾರ್!’ ಮತ್ತೆ ಯಾಕೋ ಹೇಳಿದೆ? ‘ಅಭ್ಯಾಸ ಸಾರ್!’"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ಎರಡು ಪೇಪರ್ ಕಪ್ ತೆಗೆದುಕೊಂಡು ಒಂದನ್ನು ತಲೆಯ ಮೇಲಕ್ಕೆತ್ತಿ, ಸೊಂಟ ಓರೆ ಮಾಡಿ, ನಾಲಿಗೆಯನ್ನು ತುಟಿಯ ಮೂಲೆಗಿಟ್ಟು, ಇಲ್ಲದ ಕಾಫಿಯನ್ನು ಹೊಯ್ದರು. ಆ ಹಾವಭಾವ ಎಷ್ಟು ಸರಿಯಾಗಿತ್ತೆಂದರೆ ನನಗೆ ನನ್ನ ಬೆನ್ನನ್ನೇ ಕಂಡ ಹಾಗಾಯಿತು. ಡಾಕ್ಟರ್ ಕಣ್ಣೊರೆಸಿಕೊಳ್ಳುತ್ತಾ, "ಥೇಟ್ ಮಾಣಿ ಕಣ್ರೀ ನೀವು! ಹುಟ್ಟುವಾಗ್ಲೇ ಟವೆಲ್ ಹಾಕ್ಕೊಂಡು ಬಂದ್ರಾ?" ಎಂದರು. ಆ ಕೋಣೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು.

ಆಗ ನನ್ನ ಸ್ನೇಹಿತ ಚೀಲದಿಂದ ಟರ್ಕಿ ಟವೆಲಿನಲ್ಲಿ ಸುತ್ತಿದ್ದ ನನ್ನ ಸ್ಟೀಲ್ ಲೋಟ ಬಟ್ಟಲು ತೆಗೆದ. ಅವನ್ನು ಉಜ್ಜಿ ಉಜ್ಜಿ ಫಳಫಳ ಮಾಡಿದ್ದ. ಎಲ್ಲರಿಗೂ ಕೇಳುವಂತೆ ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ: "ನನ್ನ ವೈನ್ ಬೆಟ್ಟದ್ದು, ಸ್ವಲ್ಪ ಒರಟು. ನನ್ನ ಸ್ನೇಹಿತನ ದೇಶದಲ್ಲಿ ಅದನ್ನು ಮೆತ್ತಗೆ ಮಾಡುವ ಒಂದು ಕಲೆ ಇದೆ. ಈಗ ತೋರಿಸುತ್ತಾನೆ."

"ಅರೆ, ಲೋಟ ಬಟ್ಟಲು!" ಎಂಜಿನಿಯರ್ ಕಿರುಚಿದರು. "ಏನ್ರೀ ಇದು? ಮಾಣಿ ಬಂದೇಬಿಟ್ನಾ?"

ಮತ್ತೆ ನಗು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಆ ಕ್ಷಣದಲ್ಲಿ ನಾನು ಮಾಡಬೇಕಾಗಿದ್ದು ಏಳು ವರ್ಷ ದಿನಕ್ಕೆ ಐನೂರು ಸಲ ಮಾಡಿದ ಕೆಲಸ. ಕೈ ಎತ್ತಬೇಕಾಗಿತ್ತು, ಅಷ್ಟೆ. ಎತ್ತಿದರೆ ಅವರಿಗೆ ತಿಳಿದುಹೋಗುತ್ತಿತ್ತು. ಎಂಜಿನಿಯರ್ ಮಾಡಿದ್ದು ಅಣಕ. ನಾನು ಮಾಡಿದ್ದರೆ ಅದು ಅಸಲಿ, ಯಾವ ಬಿ.ಕಾಂ. ಕಾಲೇಜಿನಲ್ಲೂ ಕಲಿಸದ್ದು. ನಾನು ಲೋಟ ಬಟ್ಟಲನ್ನು ಟವೆಲಿನ ಸಮೇತ ಪಕ್ಕಕ್ಕೆ ತಳ್ಳಿದೆ.

"ಅಂಥದ್ದೇನೂ ನಮ್ಮ ದೇಶದಲ್ಲಿಲ್ಲ. ಅದು ಇವನ ತಮಾಷೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಬಾಟಲಿಯಿಂದ ನೇರವಾಗಿ ಗಾಜಿನ ಲೋಟಗಳಿಗೆ ಸುರಿದೆ.

ಸರ್ಜನ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಡಾಕ್ಟರ್ ಮುಖ ಕಿವುಚಿದರು. "ಏನ್ರೀ ಇದು, ಇಂಕ್ ಇದ್ದ ಹಾಗಿದೆ! ನಾಲಿಗೆ ಎಲ್ಲಾ ಕಟ್ಕೊಂಡ್ಬಿಡ್ತಲ್ರೀ. ನೀವು ರೆಕಮೆಂಡ್ ಮಾಡಿದ್ದಾ ಇದನ್ನ?"

ಆಗಲೂ ಸಮಯವಿತ್ತು. ಲೋಟ ಬಟ್ಟಲು ಅಲ್ಲೇ ಇದ್ದವು. ಅರ್ಜೆಂಟೀನಾದವನು ನನ್ನ ಮುಖ ನೋಡುತ್ತಿದ್ದ. ಅವನಿಗೆ ಇನ್ನೂ ನಂಬಿಕೆ ಹೋಗಿರಲಿಲ್ಲ, ಇದೂ ಏನೋ ಅಂಗಡಿಯವರ ತಂತ್ರ ಎಂದುಕೊಂಡಿರಬೇಕು.

"ನಾನಲ್ಲ," ಎಂದೆ ಇಂಗ್ಲಿಷಿನಲ್ಲೇ. "ನಾನು ಇವನಿಗೆ ಮೊದಲೇ ಹೇಳಿದ್ದೆ. ಇದು ಕೆಟ್ಟ ವೈನ್. ಎರಡು ಡಾಲರಿಗೆ ಎರಡು ಡಾಲರಿನದೇ ಸಿಗುತ್ತೆ."

ಅವನು ಬಾಟಲಿಗಳಿಗೆ ಒಂದೊಂದಾಗಿ ಬಿರಡೆ ಹಾಕಿದ. ಡಾಕ್ಟರ ಹೆಂಡತಿ ಪಾಪ, ಒಂದು ತಟ್ಟೆಯಲ್ಲಿ ಕೋಡುಬಳೆ ತಂದು ಅವನ ಮುಂದೆ ಹಿಡಿದರು. ಒಂದು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

ವಾಪಸು ಬರುವಾಗ ಸೇತುವೆಯ ಮೇಲೆ ಟ್ರಾಫಿಕ್ ನಿಂತಿತ್ತು. ಅರ್ಧ ಗಂಟೆ ಇಬ್ಬರೂ ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡುತ್ತಾ ಕೂತೆವು.

"ನನ್ನ ವೈನ್ ಕೆಟ್ಟದ್ದು ಅಂದೆ," ಎಂದ.

"ಹೂಂ."

"ಕೆಟ್ಟದ್ದಾ?"

ನಾನು ಕಿಟಕಿಯ ಕಡೆ ತಿರುಗಿದೆ. ಅವನು ನನ್ನನ್ನು ಮನೆಯ ಮುಂದೆ ಇಳಿಸಿ, ಲೋಟ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹೋದ.

ಹೆಂಡತಿಗೆ ನಾನಾಗಿ ಹೇಳಲಿಲ್ಲ. ಸೋಮವಾರ ಆಸ್ಪತ್ರೆಯಲ್ಲಿ ಅವಳಿಗೆ ಯಾರೋ ನಗುನಗುತ್ತಾ ಹೇಳಿದ್ದರು. ಡ್ಯೂಟಿ ಮುಗಿಸಿ ಬಂದವಳು ಬಿಳಿ ಯೂನಿಫಾರ್ಮ್ ಕೂಡ ಬದಲಿಸಲಿಲ್ಲ.

"ಖರೇ ಏನು? ಹೊಯ್ಯಲಿಲ್ಲಂತ?"

"ಅಲ್ಲಿ ಎಲ್ಲರೂ ನಗ್ತಾ ಇದ್ರು..."

"ನಗಲಿ! ನಾನು ದಿನಾ ಮಂದೀ ಹೇಲು ಬಳೀತೀನಿ. ಆ ಡಾಕ್ಟರ್ ಮುಂದನ ಬಳದೀನಿ. ನನಗ ನಾಚಿಕಿ ಇಲ್ಲ. ನಿಮಗ ಕಾಫೀ ಹೊಯ್ದದ್ದಕ್ಕ ನಾಚಿಕಿ?" ಕೈಚೀಲವನ್ನು ಮೇಜಿನ ಮೇಲೆ ಎಸೆದಳು. "ನಾ ಮದುವಿ ಆಗಿದ್ದು ಯಾರನ್ನ? ಕೌಂಟರಿನಾಗ ಕೈ ಎತ್ತಿ ನಿಂತಿದ್ದವನ್ನ. ಈ ಬಿಕಾಂ ಯಾರು, ನನಗ ಗೊತ್ತಿಲ್ಲ. ಹೋಗಿ ಆ ಮನುಷ್ಯಾಗ ಖರೇ ಹೇಳಿ ಬರ್ರಿ. ಅಲ್ಲೀತನಕ ನನ್ನ ಜೋಡಿ ಮಾತಾಡಬ್ಯಾಡ್ರಿ."

ಅವಳ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಬಾಗಿಲು ಬಡಿದು ಹೊರಗೆ ಹೋದೆ. ತಪ್ಪು ಮಾಡಿದವನಿಗೆ ಬರುವಷ್ಟು ಸಿಟ್ಟು ತಪ್ಪು ಮಾಡದವನಿಗೆ ಬರುವುದಿಲ್ಲ.

ಅಂಗಡಿಯಲ್ಲೂ ಅವಕಾಶ ಸಿಕ್ಕಿತ್ತು. ಮಾಲೀಕ ಕೇಳಿದ: "ಡಾಕ್ಟರ್ ಫೋನ್ ಮಾಡಿದ್ದ. ಕೆಟ್ಟ ವೈನ್ ಅಂತ ನೀನೇ ಅಂದೆಯಂತೆ? ನನಗೇನೋ ಚೆನ್ನಾಗಿತ್ತು." ನಾನು, "ಅವರ ನಾಲಿಗೆಗೆ ಹಿಡಿಸಲಿಲ್ಲ," ಎಂದೆ. ಅವನು ಭುಜ ಕುಣಿಸಿದ. ಎರಡು ಪೆಟ್ಟಿಗೆ ವೈನನ್ನು ಕಪಾಟಿನಿಂದ ಇಳಿಸಿ ಬಾಗಿಲ ಹತ್ತಿರದ ಅಗ್ಗದ ಬುಟ್ಟಿಗೆ ನಾನೇ ಹಾಕಿದೆ, ಇದೇ ಕೈಯಿಂದ. ಹಡಗುಕಟ್ಟೆಯವನೊಬ್ಬ ಒಂದು ಬಾಟಲಿ ಒಯ್ದು ಮರುದಿನ ಬಂದು ಇನ್ನೂ ನಾಲ್ಕು ಒಯ್ದ. ರಾತ್ರಿ ತೆರೆದಿಟ್ಟು ಮರೆತಿದ್ದನಂತೆ, ಬೆಳಿಗ್ಗೆ ಕುಡಿದರೆ ಅಮೃತವಂತೆ. ಅವನಿಗೂ ನಾನು ಏನೂ ಹೇಳಲಿಲ್ಲ.

ಯೂನಿಯನ್ ಸಿಟಿಗೆ ಹೋದದ್ದು ಜನವರಿಯಲ್ಲಿ. ಹೆಂಡತಿ ಮೂರು ತಿಂಗಳು ನನ್ನೊಡನೆ ಮಾತಾಡಿರಲಿಲ್ಲ. ಊಟ ಬಡಿಸುತ್ತಿದ್ದಳು, ಮಾತಿಲ್ಲ. ಹಿಮದಲ್ಲಿ ನಡೆದು ಅವನ ಮನೆಯ ಮೆಟ್ಟಿಲು ಹತ್ತಿದೆ. ಅಡುಗೆಮನೆಯಲ್ಲಿ ಕೂರಿಸಿದ. ಎಲ್ಲ ಹೇಳಿದೆ: ಹುಬ್ಬಳ್ಳಿ, ಕೌಂಟರು, ಸುಳ್ಳು ಬಿ.ಕಾಂ., ಎಂಜಿನಿಯರಿನ ಅಣಕ.

"ಹೊಯ್ಯಲಿಲ್ಲ. ನಾಚಿಕೆಯಾಯಿತು. ಅದು ನನಗೆ ಅರ್ಥವಾಗುತ್ತೆ," ಎಂದ. "ಕೆಟ್ಟದ್ದು ಅಂದೆಯಲ್ಲ, ಅದನ್ನು ಇಲ್ಲಿ ಯಾಕೆ ಹೇಳುತ್ತೀಯ? ನನ್ನ ವೈನ್ ಒಳ್ಳೆಯದು ಅಂತ ನನಗೆ ಗೊತ್ತು. ಯಾರ ಎದುರು ಅಂದೆಯೋ ಅವರಿಗೆ ಹೇಳು. ಕೊಯ್ಲಿಗೆ ಇನ್ನೂ ಮೂರು ತಿಂಗಳಿದೆ."

"ಹೇಳ್ತೀನಿ."

"ಯಾವಾಗ?"

"ಈ ವಾರ."

ಅವನು ನನ್ನ ಕೈ ಕುಲುಕಿದ. ನಾನು ಬರೆಯುತ್ತಿರುವುದು ಮುಖ್ಯವಾಗಿ ಈ ಕೈಕುಲುಕಿನ ಬಗ್ಗೆ. ಜೆರಿಕೋದಲ್ಲಿ ಮಾಡಿದ್ದು ಒಂದು ಗಳಿಗೆಯ ಹೇಡಿತನ ಎಂದು ಬೇಕಾದರೆ ಯಾರಾದರೂ ಕ್ಷಮಿಸಬಹುದು. ಇದಕ್ಕೆ ಹಾಗೆ ಹೇಳಲಾಗುವುದಿಲ್ಲ. ನನ್ನ ಕೈಯಲ್ಲಿ ಮೂರು ತಿಂಗಳಿತ್ತು, ಫೋನ್ ಇತ್ತು, ಡಾಕ್ಟರ ನಂಬರ್ ಬಾಯಿಪಾಠವಿತ್ತು.

ಮನೆಗೆ ಬಂದು ಹೆಂಡತಿಗೆ, ಹೇಳಿ ಬಂದೆ ಎಂದೆ. ಅವಳು ಅವತ್ತು ಮಾತಾಡಿದಳು, ಜೋಳದ ರೊಟ್ಟಿ ಮಾಡಿದಳು. ಡಾಕ್ಟರಿಗೆ ಹೇಳಬೇಕಾದ ಭಾಗವನ್ನು ನಾನು ಅವಳಿಗೆ ತಿಳಿಸಲಿಲ್ಲ. ಆ ವಾರ ಒಂದು ಸಲ ಫೋನ್ ಮಾಡಿದೆ. ಡಾಕ್ಟರ ಹೆಂಡತಿ ಎತ್ತಿಕೊಂಡು, "ಏನು ವಿಶೇಷ?" ಎಂದರು. "ವೀಕೆಂಡಿಗೆ ಸ್ಕಾಚ್ ಬೇಕಿತ್ತಾ ಅಂತ ಕೇಳೋಕೆ ಮಾಡ್ದೆ," ಎಂದೆ. ಬೇಕೆಂದರು. ಶನಿವಾರ ಡಾಕ್ಟರ್ ಅಂಗಡಿಗೆ ಬಂದರು. ಸ್ಕಾಚ್ ಕಟ್ಟಿ ಕೊಟ್ಟೆ, ಕಾರಿನವರೆಗೂ ಹೊತ್ತು ತಂದೆ, ಚಳಿಯ ಬಗ್ಗೆ ಮಾತಾಡಿದೆ. ಫೆಬ್ರವರಿ ಹೋಯಿತು. ಮಾರ್ಚ್ ಹೋಯಿತು.

ಮೇ ತಿಂಗಳಲ್ಲಿ ಅರ್ಜೆಂಟೀನಾದವನು ಅಂಗಡಿಗೆ ಬಂದ. ನನ್ನನ್ನು ನೋಡಲಿಲ್ಲ. ಮಾಲೀಕನ ಹತ್ತಿರ ಹೋಗಿ, ತಾನು ಇನ್ನು ವೈನ್ ತರುವುದಿಲ್ಲ, ತಮ್ಮ ಬಳ್ಳಿ ಕಿತ್ತ, ಒಂದು ಕಾರ್ಖಾನೆಯಲ್ಲಿ ಕೆಲಸ ನೋಡಿಕೊಂಡಿದ್ದೇನೆ ಎಂದ. ಮಾಲೀಕ, "ಛೆ, ಪಾಪ," ಎಂದ. ನಾನು ಆಗ ಕಪಾಟಿನ ಧೂಳು ಒರೆಸುತ್ತಿದ್ದೆ. ಅವನು ಹೋಗುವವರೆಗೂ ಒಂದೇ ಬಾಟಲಿಯನ್ನು ಒರೆಸಿದೆ.

ನಾನು ಡಾಕ್ಟರಿಗೆ ನಿಜ ಹೇಳಿದ್ದು ಅದಾಗಿ ಮೂರು ವರ್ಷದ ಮೇಲೆ. ಎಡಿಸನ್ನಿನ ಒಂದು ಶಾಲೆಯ ಊಟದ ಹಾಲಿನಲ್ಲಿ ನಮ್ಮವರ ದೀಪಾವಳಿ ಊಟವಿತ್ತು. ಎಲೆ ಹಾಕುವ ಮುಂಚೆ ಡಾಕ್ಟರನ್ನೂ ಎಂಜಿನಿಯರನ್ನೂ ಪಕ್ಕಕ್ಕೆ ಕರೆದೆ. ನಾನು ಬಿ.ಕಾಂ. ಅಲ್ಲ, ಹೋಟೆಲ್ ಮಾಣಿ, ಅವತ್ತಿನ ವೈನ್ ಒಳ್ಳೆಯದಿತ್ತು, ಎತ್ತಿ ಹೊಯ್ಯಲು ನಾಚಿಕೆಯಾಗಿ ಸುಳ್ಳು ಹೇಳಿದೆ ಎಂದೆ.

ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಯಾವ ವೈನ್ ರೀ?"

"ನಿಮ್ಮ ಮನೆಗೆ ತಂದಿದ್ದೆನಲ್ಲ. ಅರ್ಜೆಂಟೀನಾದವನು..."

"ಯಾವನೋ ಟೈ ಕಟ್ಕೊಂಡು ಬಂದಿದ್ನಲ್ಲ, ಅವನಾ? ಅಯ್ಯೋ, ಅದನ್ನೆಲ್ಲ ಯಾರ್ ನೆನಪಿಟ್ಕೋತಾರೆ!"

ಎಂಜಿನಿಯರ್ ನನ್ನ ಬೆನ್ನು ತಟ್ಟಿದರು. ಅವರ ಮುಖದಲ್ಲಿ ಅಣಕ ಇರಲಿಲ್ಲ, ಖುಷಿ ಇತ್ತು. "ನೀವು ಹೋಟೆಲ್ ಕೌಂಟರ್‌ನಲ್ಲಿದ್ರಾ? ಮೊದಲೇ ಹೇಳ್ಬಾರದಾ? ಇಲ್ಲಿ ನೋಡಿ, ಕಾಫಿ ಕಲಗಚ್ಚು ಮಾಡಿಟ್ಟಿದ್ದಾರೆ. ಬನ್ನಿ ಬನ್ನಿ, ಇವತ್ತಿನಿಂದ ಕಾಫಿ ಡಿಪಾರ್ಟ್‌ಮೆಂಟ್ ನಿಮ್ದು!"

ಇಷ್ಟೇ. ಇದಕ್ಕೆ ನಾನು ಹೆದರಿದ್ದು. ಆ ಹೊತ್ತು ಅವರ ಕತ್ತು ಹಿಸುಕಬೇಕು ಅನ್ನಿಸಿತು. ಅವರು ನನ್ನನ್ನು ಅವಮಾನ ಮಾಡಿದ್ದರೆ, ಪಂಕ್ತಿಯಿಂದ ಎಬ್ಬಿಸಿದ್ದರೆ, ನಾನು ಹೆದರಿದ್ದಕ್ಕೊಂದು ಅರ್ಥವಾದರೂ ಇರುತ್ತಿತ್ತು.

ಮರುದಿನ ಯೂನಿಯನ್ ಸಿಟಿಗೆ ಹೋದೆ. ಅದೇ ಮನೆಯಲ್ಲಿದ್ದ. ಕಾರ್ಖಾನೆಯ ಬಟ್ಟೆಯಲ್ಲೇ ಬಾಗಿಲಿಗೆ ಬಂದ. ಒಳಗೆ ಕರೆಯಲಿಲ್ಲ.

"ಡಾಕ್ಟರಿಗೆ ಹೇಳಿದೆ," ಎಂದೆ. "ವೈನ್ ಒಳ್ಳೆಯದಿತ್ತು ಅಂತ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಈಗಲಾ?"

"ನಿನ್ನೆ."

"ಬಳ್ಳಿ ಕೀಳುವುದಕ್ಕೆ ನನ್ನ ತಮ್ಮ ಹನ್ನೊಂದು ದಿನ ತಗೊಂಡ," ಎಂದ. "ಎತ್ತು ಕಟ್ಟಿ ಎಳೆದರೂ ಬೇರು ಬರಲಿಲ್ಲವಂತೆ. ಕೊಡಲಿಯಲ್ಲಿ ಕಡಿದರಂತೆ. ಪ್ರತಿ ದಿನ ಸಂಜೆ ನನಗೆ ಕಾಗದ ಬರೆದಿದ್ದಾನೆ. ಹನ್ನೊಂದು ಕಾಗದ. ಮೊದಲನೆಯದು ಬಂದಾಗಲೂ ನಾನು ಯೋಚಿಸಿದೆ, ಇವತ್ತು ಆ ಇಂಡಿಯನ್ ಫೋನ್ ಮಾಡಿರುತ್ತಾನೆ, ನಾಳೆ ಡಾಕ್ಟರ್ ಆರ್ಡರ್ ಕೊಡುತ್ತಾನೆ, ತಮ್ಮನಿಗೆ ತಂತಿ ಕಳಿಸಿ ನಿಲ್ಲಿಸು ಅನ್ನುತ್ತೇನೆ."

ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ.

"ಬೇಡ. ನೀನು ಈಗ ಹಗುರಾಗಲು ಬಂದಿದ್ದೀಯ. ನನ್ನ ಮನೆಯಲ್ಲಿ ಅದಕ್ಕೆ ಜಾಗ ಇಲ್ಲ."

ಬಾಗಿಲು ಹಾಕಿದ. ಒಳಗಿನಿಂದ ಮೊದಲು ಚಿಲಕ, ಆಮೇಲೆ ಸರಪಳಿ ಹಾಕಿದ ಸದ್ದು ಕೇಳಿತು. ನಾನು ಆ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಮೇಲಿನ ಮನೆಯ ಹೆಂಗಸು ಸಾಮಾನಿನ ಚೀಲ ಹಿಡಿದು ಬಂದು, ಯಾರು ಬೇಕಾಗಿತ್ತು ಎಂದು ಕೇಳಿದಳು. ಯಾರೂ ಇಲ್ಲ ಎಂದು ಹೇಳಿ, ಅವಳಿಗೆ ದಾರಿ ಬಿಟ್ಟು ಕೆಳಗಿಳಿದೆ.